ಬೆಣೆಯ ದಪ್ಪ ತುದಿ

ಬೋರಯ್ಯನ ಕೈಯಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು. ಮಳವಳ್ಳಿ ರಸ್ತೆಯಲ್ಲಿ ಸಣ್ಣ ಗೌಡರ ಕಾರು ಕಾಲುವೆಗೆ ಬಿದ್ದದ್ದು, ಅದರ ಮುಂದಿನ ಅಚ್ಚಿನ ಮೇಲೆ ನಾನು ಎರಡು ಬೆಣೆಗಳನ್ನು ಹಿಂದುಮುಂದಾಗಿ ಕೂರಿಸಿದ್ದರಿಂದ. ಬಿದ್ದ ಮೇಲೆ ಯಾರಿಗೂ ತಿಳಿಯದಂತೆ ಆ ಬೆಣೆಗಳನ್ನು ತಿರುಗಿಸಿಟ್ಟವನೂ ನಾನೇ. ಇಷ್ಟನ್ನು ಬರೆಯಲು ನನಗೆ ಒಂದು ಆಯಸ್ಸೇ ಬೇಕಾಯಿತು. ಬರೆದು ನೋಡಿದರೆ ನಾಲ್ಕು ಸಾಲೂ ಆಗಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಪೆಟ್ರೋಲು ಇನ್ನೂ ಧಾರಾಳವಾಗಿ ಸಿಗುತ್ತಿತ್ತು. ನಾನು ಬೆಂಗಳೂರಿನ ಒಂದು ಶೆಡ್ಡಿನಲ್ಲಿ ಕೆಲಸ ಕಲಿತು ಬಂದು, ಮದ್ದೂರಿನಲ್ಲಿ ಶಿಂಷಾ ಸೇತುವೆಗೆ ಹೋಗುವ ದಾರಿಯಲ್ಲಿ ಸ್ವಂತ ಮೋಟಾರ್ ಶೆಡ್ಡು ಹಾಕಿದ್ದೆ. ಬೇಸಾಯದ ಮನೆಯವನು. ಉಳುವುದನ್ನು ಬಿಟ್ಟು ಮಸಿ ಬಳಿದುಕೊಳ್ಳಲು ಹೋದ ಎಂದು ಅಪ್ಪ ನನ್ನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಅದಕ್ಕೇ ಇರಬೇಕು, ನನಗೆ ನನ್ನ ಕೆಲಸದ ಮೇಲೆ ಇರಬೇಕಾದದ್ದಕ್ಕಿಂತ ಹೆಚ್ಚಿನ ಜಂಬ.

ಸೋಮನಹಳ್ಳಿಯ ಸಣ್ಣ ಗೌಡರು ಆ ಕಾರನ್ನು ಊರು ಬಿಟ್ಟು ಹೋಗುತ್ತಿದ್ದ ಒಬ್ಬ ದೊರೆಯಿಂದ ಕೊಂಡಿದ್ದರು. ಉದ್ದ ಮೂತಿಯ, ಮೇಲ್ಛಾವಣಿ ಮಡಚುವ ಕಾರು. ಓಟವೇನೋ ಜೋರು. ಆದರೆ ತಿರುವು ಬಂದರೆ ಹುಲ್ಲು ಹೇರಿದ ಗಾಡಿಯಂತೆ ವಾಲುತ್ತಿತ್ತು. ಗೌಡರಿಗೆ ಒಂದೇ ಆಸೆ. ಮದ್ದೂರಿನಲ್ಲಿ ಮೈಸೂರಿನ ರೈಲು ಶಿಳ್ಳೆ ಹಾಕಿದ ಮೇಲೆ ತಾವು ಹೊರಡಬೇಕು, ಅದು ಮಂಡ್ಯ ಸ್ಟೇಷನ್ನಿಗೆ ಬರುವಷ್ಟರಲ್ಲಿ ತಾವು ಅಲ್ಲಿ ನಿಂತು ಮೀಸೆ ತೀಡುತ್ತಿರಬೇಕು. "ತಿರುವಲ್ಲಿ ಕಾರು ನೆಲ ಕಚ್ಚಿ ಓಡಬೇಕು ಕಣೋ ನಂಜಪ್ಪ" ಎಂದರು. ಮಾಡಿಕೊಡುತ್ತೇನೆ ಎಂದೆ.

ಮಾಡಿದೆ. ಹಿಂದಿನ ಕಮಾನುಗಳಿಗೆ, ಅಂದರೆ ಕಾರಿನ ಭಾರ ಹೊರುವ ಸ್ಪ್ರಿಂಗುಗಳಿಗೆ, ಹೊಸ ಉಕ್ಕಿನ ಪಟ್ಟಿಗಳನ್ನು ಸೇರಿಸಿ ಬಿಗಿ ಮಾಡಿದೆ. ಕಾರು ವಾಲುವುದು ನಿಂತಿತು. ಆದರೆ ಹಿಂಭಾಗ ಎತ್ತರವಾಯಿತು, ಮೂತಿ ತಗ್ಗಿತು. ಹೀಗಾದರೆ ಮುಂದಿನ ಅಚ್ಚು ಒರಗಬೇಕಾದ ಕಡೆ ಒರಗುವುದಿಲ್ಲ. ಅದು ಒಂದಿಷ್ಟು ಹಿಂದಕ್ಕೆ ಒರಗಿರಬೇಕು — ಆಗ ಮಾತ್ರ ತಿರುವು ಮುಗಿದ ಮೇಲೆ ಸ್ಟೇರಿಂಗು ತಾನಾಗಿ ನೇರಕ್ಕೆ ಮರಳುತ್ತದೆ. ಅದಕ್ಕೆ ಕಮಾನಿಗೂ ಅಚ್ಚಿಗೂ ನಡುವೆ ತೆಳ್ಳನೆಯ ಕಬ್ಬಿಣದ ಬೆಣೆ ಕೊಡುತ್ತಾರೆ, ದಪ್ಪ ತುದಿ ಕಾರಿನ ಹಿಂದಕ್ಕೆ ಬರುವಂತೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅನುಕೂಲವೂ ನನಗಿಲ್ಲ.

ಆದರೆ ಕೈಗೆ ಬೇರೆಯೇ ಅಭ್ಯಾಸ. ನಮ್ಮ ಮನೆಯಲ್ಲಿ ನೇಗಿಲಿಗಾಗಲಿ ಗುದ್ದಲಿಯ ಕಾವಿಗಾಗಲಿ ಬೆಣೆ ಹೊಡೆಯುವಾಗ ದಪ್ಪ ತುದಿ ಹೊಡೆಯುವವನ ಕಡೆಗಿರುತ್ತದೆ. ಹುಡುಗನಾಗಿದ್ದಾಗಿನಿಂದ ಹಾಗೇ ಹೊಡೆದವನು ನಾನು. ಅಂದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ದಪ್ಪ ತುದಿಯನ್ನು ನನ್ನ ಕಡೆಗೇ ಇಟ್ಟು, ಸುತ್ತಿಗೆಯಿಂದ ಎರಡು ಏಟು ಕೊಟ್ಟು, ಬೋಲ್ಟು ಬಿಗಿದೆ. ನಾನು ಕೂತದ್ದು ಕಾರಿನ ಮುಂದೆ. ಹಾಗಾಗಿ ದಪ್ಪ ತುದಿ ಕಾರಿನ ಮುಂದಕ್ಕೆ ಬಂತು. ಇನ್ನೊಂದು ಪಕ್ಕಕ್ಕೂ ಹಾಗೇ ಮಾಡಿದೆ. ಆಮೇಲೆ ಉದ್ದಕ್ಕೆ ದಾರ ಹಿಡಿದು ಚಕ್ರಗಳು ನೇರವಿವೆಯೇ ಎಂದು ಬಹಳ ಶ್ರದ್ಧೆಯಿಂದ ನೋಡಿದೆ. ನೇರವಾಗಿಯೇ ಇದ್ದವು. ದಾರಕ್ಕೆ ಬೆಣೆ ಕಾಣುವುದಿಲ್ಲ.

ಕಾರು ಹೊರಗೆ ಬಂದ ದಿನ ಗೌಡರು ಚಕ್ರಗಳಿಗೆ ಅರಿಸಿನ ಕುಂಕುಮ ಹಚ್ಚಿಸಿ, ನಿಂಬೆಹಣ್ಣು ಇಡಿಸಿ ಪೂಜೆ ಮಾಡಿಸಿದರು. ಸಂತೆಯ ದಿನವಾದ್ದರಿಂದ ಪೇಟೆಯಲ್ಲಿ ಮೆಲ್ಲಗೆ ಒಂದು ಸುತ್ತು ಹೊಡೆದರು. ಬೆಣೆ ತಿರುಗುಮುರುಗಾದರೆ ಸ್ಟೇರಿಂಗು ಹಗುರವಾಗುತ್ತದೆ, ಮೆಲ್ಲಗೆ ಹೋಗುವಾಗ ಅದೊಂದು ಸುಖ. ಗೌಡರು ಹಿಗ್ಗಿ ಹೀರೇಕಾಯಿಯಾದರು. ಸ್ಟೇಷನ್ನಿನ ಹತ್ತಿರದ ಹೋಟೆಲಿನಿಂದ ಎಲ್ಲರಿಗೂ ವಡೆ ತರಿಸಿದರು. ಹೊಗಳಿಕೆಗೆ ನಾನೂ ಉಬ್ಬಿದ್ದೆ.

ಅವರ ಡ್ರೈವರು ಬೋರಯ್ಯ. ಪೂರಿಗಾಲಿಯವನು, ನನ್ನ ಓರಗೆಯವನು, ಮೊದಲು ಕಬ್ಬಿನ ಲಾರಿ ಓಡಿಸುತ್ತಿದ್ದ. ಊರಾಚೆ ಒಂದು ಸಲ ವೇಗವಾಗಿ ಓಡಿಸಿ ನೋಡಿ ವಾಪಸು ಬಂದವನು, ಇಳಿದು ಕಾರಿನ ಮೂತಿಯನ್ನೇ ನೋಡುತ್ತ ನಿಂತ.

"ಲೇ ನಂಜಪ್ಪ, ತಿರುಗ್ಸುದ್ರೆ ಸ್ಟೇರಿಂಗು ಅಂಗೇ ನಿಂತ್ಕತದೆ ಕಣ್ಲಾ, ವಾಪಸ್ ಬರಾಕಿಲ್ಲ. ಒಸ ಪಟ್ಟಿ ಬಿಗಿ ಜಾಸ್ತಿ ಆಗದೆ ಅಂತ ಕಾಣ್ತದೆ. ಒಂದ್ಸಲ ಬಿಚ್ಚಿ ನೋಡ್ಬುಡು."

ಪಟ್ಟಿಯ ವಿಷಯದಲ್ಲಿ ಅವನು ಹೇಳಿದ್ದು ತಪ್ಪು. ಪಟ್ಟಿಗಳು ಸರಿಯಾಗಿದ್ದವು. ಆ ಒಂದು ತಪ್ಪನ್ನೇ ಹಿಡಿದುಕೊಂಡು ಅವನ ಇಡೀ ಮಾತನ್ನು ನಾನು ತಳ್ಳಿಹಾಕಿದೆ. ಪೂಜೆಯಾದ ಗಾಡಿಯನ್ನು ಅದೇ ದಿನ ಬಿಚ್ಚಬೇಕೇ? ವಡೆ ತಿನ್ನುತ್ತ ನಿಂತಿರುವ ಇಷ್ಟು ಜನರ ಎದುರಿಗೆ? ನಾನು ಗೌಡರಿಗೂ ಕೇಳುವಂತೆ ಹೇಳಿದೆ:

"ಲಾರಿ ಓಡ್ಸಿ ಓಡ್ಸಿ ನಿನ್ ಕೈ ಮರಗಟ್ಟೋಗದೆ ಕಣ್ಲಾ. ಗಾಡಿ ಸರಿಯಾಗದೆ. ನಿನ್ ಕೈ ಸರಿ ಮಾಡ್ಕೊ, ಓಗು."

ಎಲ್ಲರೂ ನಕ್ಕರು. ಬೋರಯ್ಯನೂ ನಕ್ಕ. ನಗುತ್ತಲೇ ತನ್ನ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಆ ಒರೆಸಿಕೊಂಡದ್ದು ನನಗೆ ಈಗಲೂ ಕಾಣುತ್ತದೆ. ನಗು ಅಷ್ಟಾಗಿ ನೆನಪಿಲ್ಲ.

ಕೆಲವು ದಿನ ಕಳೆದು ಅವನು ಗೌಡರನ್ನು ಮಳವಳ್ಳಿಯಲ್ಲಿ ಬಿಟ್ಟು ಖಾಲಿ ಕಾರಿನಲ್ಲಿ ಮದ್ದೂರಿನ ಕಡೆ ಹೊರಟಿದ್ದಾನೆ. ದಾರಿಯಲ್ಲಿ ಹೆಂಡತಿಯ ತಮ್ಮ ಕೆಂಚಯ್ಯ ಸಿಕ್ಕಿದ್ದಾನೆ. ಬಾಮೈದನಿಗೆ ಕಾರಿನಲ್ಲಿ ಒಂದು ಸವಾರಿ ಎಂದು ಹತ್ತಿಸಿಕೊಂಡಿದ್ದಾನೆ. ಕಾಲುವೆಯ ಪಕ್ಕದ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತಂತೆ, ತಪ್ಪಿಸಲು ತಿರುಗಿಸಿದನಂತೆ. ತಿರುಗಿದ ಸ್ಟೇರಿಂಗು ಮರಳಲಿಲ್ಲ. ಕಾರು ಏರಿಯಿಂದ ಕೆಳಗಿಳಿದು ಕಾಲುವೆಗೆ ಉರುಳಿತು. ಬೋರಯ್ಯನಿಗೆ ತರಚು ಗಾಯ. ಕೆಂಚಯ್ಯನ ಬಲಗಾಲು ಕಾರಿನಡಿ ಸಿಕ್ಕಿತು. ಕಾಲು ಉಳಿಯಿತು, ಆದರೆ ಮಂಡಿ ಮತ್ತೆ ಮಡಚಲಿಲ್ಲ.

ಕಾರನ್ನು ಎತ್ತುಗಳಿಂದ ಎಳೆಸಿ ನನ್ನ ಶೆಡ್ಡಿಗೇ ತಂದರು. ಇನ್ನೆಲ್ಲಿಗೆ ತರುತ್ತಾರೆ! ಕೆಸರು ತೊಳೆಯಲು ಮುಂದಿನ ಚಕ್ರದ ಬಳಿ ಕೂತಾಗ ಬೆಣೆ ಕಂಡಿತು. ದಪ್ಪ ತುದಿ ನನ್ನನ್ನೇ ನೋಡುತ್ತಿತ್ತು. ಅರ್ಥವಾಗಲು ಒಂದು ಗಳಿಗೆಯೂ ಹಿಡಿಯಲಿಲ್ಲ. ತನಿಖೆಯ ಅಧಿಕಾರಿ ಮಾರನೆಯ ದಿನ ಬರುವವರಿದ್ದರು. ನಾನು ಹಾಡಹಗಲಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ, ಬೋಲ್ಟು ಸಡಿಲಿಸಿ ಎರಡೂ ಬೆಣೆಗಳನ್ನು ತಿರುಗಿಸಿ ಬಿಗಿದು, ಮೇಲೆ ಒಂದಿಷ್ಟು ಕೆಸರು ಮೆತ್ತಿದೆ. ನೋಡಲು ಬಂದಿದ್ದ ಜನ ಪಾಪ, ಕಾರಿಗೆ ಆರೈಕೆ ಮಾಡುತ್ತಿದ್ದಾನೆ ಅಂದುಕೊಂಡರು.

ಅಧಿಕಾರಿ ಬಂದರು, ಬಗ್ಗಿ ನೋಡಿದರು, ಕೇಳಿದರು: "ಗಾಡಿ ಸರಿಯಾಗಿತ್ತೇನಪ್ಪ?"

"ಸರಿಯಾಗಿತ್ತು ಸ್ವಾಮಿ."

ಅಷ್ಟೇ ನಾನು ಆಡಿದ್ದು. ಉಳಿದದ್ದನ್ನು ಊರು ಆಡಿತು. ಬೋರಯ್ಯ ಹಬ್ಬ ಹರಿದಿನಗಳಲ್ಲಿ ಹೆಂಡ ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಅಂದು ಕುಡಿದಿರಲಿಲ್ಲ. ಆದರೆ ಗಾಡಿ ಸರಿಯಾಗಿದ್ದು, ಹಗಲು ಹೊತ್ತು, ಗೊತ್ತಿರುವ ರಸ್ತೆ — ಇನ್ನೇನು ಕಾರಣ ಉಳಿಯಿತು? ಪಕ್ಕದಲ್ಲೇ ಕೂತಿದ್ದ ಕೆಂಚಯ್ಯನೂ, ತನ್ನನ್ನು ಹತ್ತಿಸಿಕೊಳ್ಳುವ ಮೊದಲೇ ಎಲ್ಲೋ ಕುಡಿದಿದ್ದನೇನೋ ಎಂದು ಕಡೆಗೆ ಊರ ಮಾತನ್ನೇ ನಂಬಿದನಂತೆ. ಗೌಡರು ಅವನನ್ನು ಕೆಲಸದಿಂದ ಬಿಡಿಸಿದರು. ಲೈಸೆನ್ಸು ಹೋಯಿತು. ಅವನ ಹೆಂಡತಿ ಮಾದಮ್ಮ ತಮ್ಮನನ್ನು ನೋಡಲು ಮಳವಳ್ಳಿಗೆ ಹೋದಾಗ ಅವಳ ತಾಯಿ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳಂತೆ: "ಕುಡ್ದು ನನ್ ಮಗನ್ನ ಕುಂಟ ಮಾಡ್ದೋನ ಎಂಡ್ತಿ ನನ್ ಮನೆ ಒಸ್ಲು ತುಳೀಬ್ಯಾಡ." ಮಾದಮ್ಮ ಮತ್ತೆ ತವರಿಗೆ ಹೋಗಲಿಲ್ಲ. ಹಬ್ಬಕ್ಕೆ ಕರೆಯಲು ಯಾರೂ ಬರಲೂ ಇಲ್ಲ.

ಇನ್ನೊಂದು ಮಾತಿದೆ. ಬೋರಯ್ಯ ಒಂದು ದಿನ ಶೆಡ್ಡಿಗೆ ಬಂದ. ಬೈಯಲು ಬಂದ ಅಂದುಕೊಂಡು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವನು ಬಾಗಿಲಲ್ಲಿ ನಿಂತು, "ನೀನು ಯೋಳ್ದಂಗೇ ಆಯ್ತು ಕಣ್ಲಾ, ನನ್ ಕೈಯೇ ಸರಿಯಾಗಿಲ್ಲ. ಅಂತಾ ಒಳ್ಳೆ ಕೆಲ್ಸವ ಆಳ್ಮಾಡ್ಬುಟ್ಟೆ, ಮನಸ್ಸಲ್ಲಿ ಇಟ್ಕಬ್ಯಾಡ" ಎಂದ. ನನ್ನಲ್ಲಿ ಕ್ಷಮೆ ಕೇಳಲು ಬಂದಿದ್ದ. ನಾನು — ಇರಲಿ ಬುಡು ಎಂದೆ. ಹೌದು, ಕ್ಷಮಿಸಿದೆ! ಅಂಥ ದೊಡ್ಡ ಮನಸ್ಸು ನನ್ನದು.

ಆಮೇಲೆ ಅವನು ಮೋಟಾರು ಹಾಗಿರಲಿ, ಗದ್ದೆಗೆ ಹೋಗುವಾಗ ಗಾಡಿಯ ಹಗ್ಗವನ್ನೂ ಹಿಡಿಯುತ್ತಿರಲಿಲ್ಲವಂತೆ. ಮಾದಮ್ಮನೇ ಗಾಡಿ ಹೊಡೆಯುತ್ತಿದ್ದಳಂತೆ, ಅವನು ಹಿಂದೆ ಕೂರುತ್ತಿದ್ದನಂತೆ.

ಕಾರಿನ ಕಥೆಯನ್ನೂ ಹೇಳಬೇಕು. ರಿಪೇರಿಯಾದ ಮೇಲೆ ಅದು ಬಾಣದಂತೆ ಓಡಿತು. ತಿರುವಿನಲ್ಲಿ ನೆಲ ಕಚ್ಚಿತು, ತಿರುವು ಮುಗಿದರೆ ತಾನೇ ನೆಟ್ಟಗಾಯಿತು. ಗೌಡರು ರೈಲನ್ನು ಸೋಲಿಸಿದರು. ಮಂಡ್ಯದಿಂದ, ಮೈಸೂರಿನಿಂದ ಕಾರುಗಳು ನನ್ನ ಶೆಡ್ಡು ಹುಡುಕಿಕೊಂಡು ಬಂದವು. ನನ್ನ ಮನೆ, ನನ್ನ ಮಕ್ಕಳ ಓದು, ಎಲ್ಲವೂ ಆ ಹೆಸರಿನಿಂದ ಬಂದದ್ದು. ಆ ಕಾರಿನ ಕೆಲಸವನ್ನು ನಾನು ಸರಿಯಾಗಿ ಮಾಡಿದ್ದು ತಪ್ಪನ್ನು ಮುಚ್ಚಿಡುವಾಗ ಮಾತ್ರ. ಏಕೆ ಮುಚ್ಚಿಟ್ಟೆ ಎಂದರೆ, ಹೆದರಿದೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಲು ಇಷ್ಟು ವರ್ಷ ಪ್ರಯತ್ನಪಟ್ಟೆ, ಸಿಗಲಿಲ್ಲ.

ಈ ಬೇಸಗೆಯಲ್ಲಿ ಪೂರಿಗಾಲಿಗೆ ಹೋದೆ. ಬೋರಯ್ಯ ಜಗಲಿಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಎಲ್ಲವನ್ನೂ ಹೇಳಿದೆ. ಬೆಣೆ, ಕೆಸರು, ಅಧಿಕಾರಿಗೆ ಸರಿಯಾಗಿತ್ತು ಸ್ವಾಮಿ ಎಂದದ್ದು. ಅವನು ತನ್ನ ಕೈಗಳನ್ನು ಮಡಿಲಲ್ಲಿ ಮೇಲುಮುಖ ಇಟ್ಟುಕೊಂಡು ನೋಡಿದ.

"ಅಂಗಾರೆ ಆವತ್ತು ನನ್ ಕೈ ಸರಿಯಾಗಿತ್ತಾ?"

"ಸರಿಯಾಗಿತ್ತು."

"ಇದ ಇವ್ಳಿದ್ದಾಗ ಯೋಳ್ಬಾರ್ದಾಗಿತ್ತಾ ಕಣ್ಲಾ" ಎಂದ. ಮಾದಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳಿಗೆ ಮಣ್ಣು ಹಾಕಲೂ ತವರಿನಿಂದ ಯಾರೂ ಬಂದಿರಲಿಲ್ಲ. ಅವನು ಬೈಯಲಿಲ್ಲ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಡೆಗೆ ಅಂದ: "ನನಗ್ ಯೋಳಿ ಏನ್ ಬಂತು? ಅವ್ಳ ತಮ್ಮ ಮಳವಳ್ಳೀಲಿ ಅವ್ನೆ. ಓಗಿ ಅವನ್ಗೇಳು. ಒಬ್ನೇ ಓಗು, ನಾನ್ ಬಂದ್ರೆ ನೀನು ನನ್ ಮಕ ನೋಡ್ಕಂಡು ಅರ್ದ ಮಾತ ನುಂಗ್ತೀಯ."

ಹೋದೆ. ಒಬ್ಬನೇ ಹೋದೆ. ಒಬ್ಬನೇ ಹೋಗಿಯೂ ಪೂರ್ತಿ ನುಂಗಿಕೊಂಡು ಬಂದೆ.

ಕೆಂಚಯ್ಯನವರೇ, ನೀವು ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಪೇಪರು ಓದುತ್ತಿದ್ದಿರಿ. ಒಂದಕ್ಷರ ಬಿಡದೆ ಓದುವವರ ಹಾಗೆ ಕಂಡಿರಿ, ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಬಿಸಿಲಲ್ಲಿ ಬಂದು, ನೀರು ಕೇಳಿ ಕುಡಿದು, ಬಹಳ ಹೊತ್ತು ಸುಮ್ಮನೆ ಕೂತು, ಬೇಡದ ಬೆಲ್ಲ ಕಟ್ಟಿಸಿಕೊಂಡು ಹೋದ ಮುದುಕ ನಾನೇ. "ಏನಾರ ಯೋಳ್ಬೇಕಿತ್ತಾ ಯಜಮಾನ್ರೇ?" ಎಂದು ನೀವು ಕೇಳಿದಿರಿ. ಏನಿಲ್ಲ ಎಂದೆ.

ಇತ್ತು. ನಿಮ್ಮ ಭಾವ ಅಂದು ಕುಡಿದಿರಲಿಲ್ಲ. ಅವರ ಕೈ ಸರಿಯಾಗಿತ್ತು. ಅವರು ಇನ್ನೂ ಇದ್ದಾರೆ, ಪೂರಿಗಾಲಿಯಲ್ಲಿ, ಅದೇ ಮನೆಯಲ್ಲಿ.