ಅತ್ತೆ ಮಾಡಿದ ಬೋಣಿ

ಮೊನ್ನೆ ಹಿಂದೂಪುರದಿಂದ ಬಂದ ಹೊಸ ಹುಣಸೆಹಣ್ಣಿನ ಮೂಟೆ ಬಿಚ್ಚಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅತ್ತೆ ನೆನಪಾದರು. ಅವರ ಸೆರಗಿಗೆ ಸದಾ ಇದೇ ವಾಸನೆ...

ಮಕ್ಕಳೇ, ಕಲ್ಯಾಣದುರ್ಗದ ನಮ್ಮ ಕಿರಾಣಿ ಅಂಗಡಿ ಶುರುಮಾಡಿದ್ದು ನಿಮ್ಮ ತಾತನ ಅಪ್ಪ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಹಿಂದಿನ ಕೋಣೆಯಲ್ಲಿ ಕೂತು ಹುಣಸೆ ಬಿಡಿಸಿ, ಬೇಳೆ ಕೇರಿ, ಅಳೆದು ಕಟ್ಟಿಕೊಟ್ಟವರು ಅತ್ತೆ. ಮುಂದೆ ಕೂತು ಬೋಣಿ ಮಾಡುವುದು, ಅಂದರೆ ದಿನದ ಮೊದಲ ವ್ಯಾಪಾರ, ಗಂಡಸರ ಕೈಯಿಂದಲೇ ಆಗಬೇಕಿತ್ತು. ಮಾವ ಹೋದ ಮೇಲೆ ಆ ಜಾಗ ನಿಮ್ಮ ತಾತನಿಗೆ ಬಂತು. ನಿಮ್ಮ ತಾತನೂ ಹೋದಾಗ ನನ್ನ ಮೈದುನ ಅದು ತನಗೆ ಬೇಕೆಂದ. ಹಾಗಾಗಿದ್ದರೆ ನಾನೂ ನಿಮ್ಮ ಅಪ್ಪನೂ ಅವನ ಕೈ ನೋಡಿಕೊಂಡೇ ಬದುಕಬೇಕಿತ್ತು. ಅತ್ತೆ ಒಪ್ಪಲಿಲ್ಲ. ನನ್ನನ್ನು ತಂದು ಮುಂದೆ ಕೂರಿಸಿದರು.

ನಾನೋ ಸೆಟ್ಟೂರು ಕಡೆಯ ಹಳ್ಳಿಯವಳು, ನಾಲ್ಕು ಜನರ ಎದುರು ತಲೆಯೆತ್ತದವಳು. ಮೊದಲ ದಿನ ಕಂಬದೂರಿನ ರೈತನೊಬ್ಬ ಹುರುಳಿ ಕೇಳಿದ. ನಮ್ಮಲ್ಲಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಆಮೇಲೆ ಎರಡು, ಮೂರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ‘ಒಂದು’ ಅಂದುಬಿಟ್ಟೆ.

ಅವನು ಚೀಲ ಹಿಂದಕ್ಕೆಳೆದುಕೊಂಡ. “ಗಂಡ ಇಲ್ದೋರು ಬೋಣಿ ಮಾಡಿದ್ರೆ ಇನ್ನೇನಾಯ್ತದೆ!”

ಮೈದುನ ಬಾಗಿಲಲ್ಲೇ ನಿಂತಿದ್ದ. ಅತ್ತಿಗೆಯಾದ ನನ್ನನ್ನು ತೆಲುಗಿನವರಂತೆ ‘ವದಿನೆ’ ಎನ್ನುತ್ತಿದ್ದ. “ನೋಡಿದ್ಯಾ ಅಮ್ಮಾ? ವದಿನೇನ ಒಳಕ್ಕೆ ಕರ್ಕೋ. ವ್ಯಾಪಾರ ಮುಳುಗೋಯ್ತದೆ.”

“ನಿಮ್ಮಪ್ಪನ ಕಾಲ್ದಿಂದ ಈ ಕೈ ಅಳ್ದೈತೆ ಕಣ್ಲಾ. ಮುಳುಗೋಯ್ತಾ?” ಎಂದರು ಅತ್ತೆ. “ಹಿಂದ್ಗಡೆ ಕುಂತು ನಂಗೆ ಸಾಕಾಗೈತೆ. ಅವ್ಳು ಏಳಲ್ಲ.”

ರೈತ ಹೊರಟುಹೋದ. ಬಿಸಿಲು ಮೆಟ್ಟಿಲು ಹತ್ತಿದರೂ ಬೇರೆ ಯಾರೂ ಬರಲಿಲ್ಲ. ಮೈದುನ ಒಳಗೊಳಗೇ ನಗುತ್ತಿದ್ದ. ನನಗೆ ಎದ್ದು ಓಡಿಹೋಗುವಷ್ಟು ನಾಚಿಕೆ... ಆಗ ಅತ್ತೆ ಹಿಂಬಾಗಿಲಿಂದ ಹೊರಟು, ಬೀದಿ ಸುತ್ತಿಕೊಂಡು, ಕೈಯಲ್ಲಿ ಚೀಲ ಹಿಡಿದು ಗಿರಾಕಿಯಂತೆ ನನ್ನೆದುರು ಬಂದು ನಿಂತರು. ಸೆರಗಿನ ಗಂಟು ಬಿಚ್ಚಿ ದುಡ್ಡು ಮುಂದಿಟ್ಟರು.

“ಎರಡು ಸೇರು ಹುರುಳಿ ಅಳ್ದು ಕೊಡಮ್ಮ. ರೋಡಿನ ತಂಕ ಕೇಳಂಗೆ ಅನ್ನು. ಗಂಡ ಹೋದ, ಬಾಯಿ ಹೋಗಿಲ್ಲ.”

“ಲಾಭ!” ಎಂದೆ. ಆ ದನಿ ನನಗೇ ಹೊಸದು. ಎದುರು ಹೋಟೆಲಿನಲ್ಲಿ ಕೂತವರು ತಿರುಗಿ ನೋಡಿದರು. ಅತ್ತೆ ಮತ್ತೆ ಬೀದಿ ಸುತ್ತಿ, ಆ ಹುರುಳಿಯನ್ನು ಹಿಂಬಾಗಿಲಿಂದ ಒಳಗೆ ತಂದರು.

ಜನ ಬರತೊಡಗುವವರೆಗೂ ದಿನಾ ಅವರದೇ ಬೋಣಿ. ಮನೆಯಲ್ಲಿ ದಿನಾ ಹುರುಳಿ ಸಾರು. “ಬಾಯಿ ಕೆಟ್ಟೋಯ್ತು ಅಜ್ಜಿ” ಎಂದು ನಿಮ್ಮ ಅಪ್ಪ ಗೋಳಾಡಿದರೆ, “ಅಂಗಡಿ ಕೆಡಬಾರ್ದು, ತಿನ್ನು” ಎನ್ನುತ್ತಿದ್ದರು. ಕೊನೆಗೆ ಮೈದುನ ಬೇಸತ್ತು ಬೇರೆ ಅಂಗಡಿ ಇಟ್ಟುಕೊಂಡ.

ಈಗ ಅತ್ತೆ ಇಲ್ಲ. ಮೊಬೈಲ್ ಅಂಗಡಿಗೆ ಜಾಗ ಬಾಡಿಗೆಗೆ ಕೊಡಿ, ಈ ವಯಸ್ಸಿನಲ್ಲಿ ಯಾಕೆ ಕಷ್ಟ ಎಂದು ಕೇಳುವವರು ಬರುತ್ತಾರೆ. ಕೊಡುವುದಿಲ್ಲ. ಉಸಿರಿರುವ ತನಕ ಆ ಜಾಗದಿಂದ ಏಳುವುದಿಲ್ಲ. ಬೆಳಿಗ್ಗೆ ಗಿರಾಕಿ ತಡವಾದ ದಿನ ಮಾತ್ರ ನನ್ನ ಕಣ್ಣು ತಾನಾಗಿ ಬೀದಿಯ ತಿರುವಿಗೆ ಹೋಗುತ್ತದೆ...