ಅಣ್ಣ ಊರು ಕರೆಯಲು ಹೊರಟಿದ್ದು

ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತನಾದ ನಮ್ಮಣ್ಣ ರಾಷ್ಟ್ರೀಯ ಪಕ್ಷವೊಂದನ್ನು ಸೇರಿದ ಸುದ್ದಿ ಟೀವಿಯಲ್ಲಿ ಬಂದಾಗ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದೆ. ಅವನ ಮುಖ ಕಂಡದ್ದೇ ತಡ, ಎದ್ದ ರಭಸಕ್ಕೆ ಪಾತ್ರೆ ಮಗುಚಿ ಕಾಳೆಲ್ಲ ಮನೆ ತುಂಬ ಹರಡಿತು. ನನ್ನ ಕೂಗು ಕೇಳಿ ನಮ್ಮ ಯಜಮಾನರು ಗುಲಾಬಿ ತೋಟದಿಂದ ಏದುಸಿರು ಬಿಡುತ್ತಾ ಓಡಿಬಂದರು.

"ಅಣ್ಣ ಎಂಪಿ ಆಗ್ತಾನೆ ಕಣ್ರೀ!" ಅಂದೆ.

"ಇನ್ನೂ ಪಾರ್ಟಿ ಸೇರಿದ್ದಾನೆ ಅಷ್ಟೇ. ಮೊದ್ಲು ಕಾಳು ಎತ್ತು" ಅಂದರು. ಅವರು ಯಾವಾಗಲೂ ಹೀಗೇ, ನನ್ನ ಸಂತೋಷಕ್ಕೆ ತಣ್ಣೀರು ಎರಚುವುದರಲ್ಲಿ ಎತ್ತಿದ ಕೈ.

ಆದರೆ ಟಿಕೆಟ್ ನಿಜವಾಗಿಯೂ ಸಿಕ್ಕಿತು, ಅದೂ ನಮ್ಮ ಚಿಕ್ಕಬಳ್ಳಾಪುರದಿಂದಲೇ. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ನೆಂಟರು ಫೋನು ಮಾಡಿ, ಜಿಲ್ಲೆ ಒಂದೇ ಆದರೂ ನಮ್ಮ ವೋಟು ನಿಮ್ಮ ಕ್ಷೇತ್ರಕ್ಕೆ ಬರಲ್ಲವಲ್ಲ ಅಂತ ಹೊಟ್ಟೆ ಉರಿದುಕೊಂಡರು. ಜೈಕಾರ ಕೂಗೋಕಾದರೂ ಬನ್ನಿ, ಅದಕ್ಕೆ ಯಾವ ಕ್ಷೇತ್ರವಾದರೇನು ಅಂದೆ.

ಪ್ರಚಾರಕ್ಕೆ ನಾನೂ ಹೊರಟೆ. ಅಣ್ಣನ ಶಿಸ್ತು ನೋಡಿದರೆ ನಗು ಬರುತ್ತಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ಹಳ್ಳಿಗೆ ಇಳಿದುಬಿಡುತ್ತಿದ್ದ. ಜನ ಇನ್ನೂ ಡೈರಿಯಲ್ಲಿ ಹಾಲು ಅಳೆಸುತ್ತಿರುತ್ತಿದ್ದರು. ರಾಜಕಾರಣಿ ಹೇಳಿದ ಹೊತ್ತಿಗೆ ಬರುವುದನ್ನು ಕಂಡವರುಂಟೇ? ಅರಳಿಕಟ್ಟೆಯ ಮುಂದೆ ಇವನೊಬ್ಬನೇ ನೆಟ್ಟಗೆ ನಿಂತಿರುತ್ತಿದ್ದ. ನಗರಗೆರೆಯಲ್ಲಿ ಮುದುಕಿಯೊಬ್ಬಳು ಅವನ ಗಲ್ಲ ಸವರಿ "ಏಂ ನಾಯನಾ, ಬಾಗುಂಡಾವಾ?" ಅಂತ ತೆಲುಗಿನಲ್ಲಿ ಕ್ಷೇಮ ಕೇಳಿದಳು. ನಲವತ್ತು ವರ್ಷ ಹಿಂದಿ, ಇಂಗ್ಲಿಷ್ ಆಡಿದ ಬಾಯಿ ಒಂದು ಕ್ಷಣ ತಡವರಿಸಿ "ಬಾಗುಂಡಾನಮ್ಮಾ" ಅಂದಿತು. ನೆರೆದಿದ್ದವರೆಲ್ಲ ಹೋ ಅಂತ ಚಪ್ಪಾಳೆ ತಟ್ಟಿದರು. ನನಗಂತೂ ಆಗಲೇ ಗೆದ್ದಷ್ಟು ಖುಷಿ.

ನಾಮಪತ್ರ ಸಲ್ಲಿಸುವ ದಿನ ಹತ್ತಿರ ಬಂತು. ಅಣ್ಣನನ್ನು ಕೇಳಿದೆ, "ಮಂಡಿಕಲ್ ಕಡೆಗೆಲ್ಲ ಹೋಗಿಬಂದ್ವಿ. ನಮ್ಮೂರಿಗೆ ಯಾವಾಗ?"

"ನಮ್ಮೂರಿಗೆ ಯಾಕೆ ಹೋಗ್ಬೇಕಮ್ಮ? ಅದು ನಮ್ದೇ ಅಲ್ವಾ. ವಾಟ್ಸಾಪ್ ಗ್ರೂಪಲ್ಲಿ ವಿಡಿಯೋ ಹಾಕಿದೀನಿ, ನಾಮಿನೇಷನ್‌ಗೆ ಎಲ್ಲಾ ಬರ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಒಂದು ನಾಮಕರಣಕ್ಕೂ ಮನೆಮನೆಗೆ ಹೋಗಿ, ಹೊಸಿಲ ಮುಂದೆ ನಿಂತು, ಹೆಂಗಸರಿಗೆ ಕುಂಕುಮ ಕೊಟ್ಟು ಕರೆಯಬೇಕು. ಗೋಡೆಗೆ ಗೋಡೆ ಅಂಟಿಕೊಂಡ ಚಿಕ್ಕಪ್ಪನ ಮನೆಯಾದರೂ ಅಷ್ಟೇ. ದಾರಿಯಲ್ಲಿ ಸಿಕ್ಕಾಗ ಕರೆದರು ಅನ್ನುವ ಕಾರಣಕ್ಕೇ ಅಣ್ಣತಮ್ಮಂದಿರ ಮನೆಗಳು ಮಾತು ಬಿಟ್ಟಿರುವುದನ್ನು ನಾನೇ ನೋಡಿದ್ದೇನೆ. ಇವನು ವಿಡಿಯೋ ಹಾಕಿದ್ದಾನಂತೆ! "ದೊಡ್ಡ ಮನುಷ್ಯರು, ನಮ್ಮನ್ನೆಲ್ಲ ಯಾಕೆ ಕರೀತಾರೆ" ಅನ್ನುವ ಮಾತು ಆಗಲೇ ಊರಿನಲ್ಲಿ ಎದ್ದಿತ್ತು. ಸ್ವಂತ ಊರೇ ಏಳದಿದ್ದರೆ ಎದುರಾಳಿಗಳಿಗೆ ಅದಕ್ಕಿಂತ ಹಬ್ಬ ಬೇಕೇ?

ಎಲ್ಲಕ್ಕಿಂತ ನನ್ನ ಭಯ ಅತ್ತಿಗೆಯದು. ತೀರಿಕೊಂಡ ನಮ್ಮ ದೊಡ್ಡಣ್ಣನ ಹೆಂಡತಿ ಆಕೆ, ನಮ್ಮ ತಾಯಿಯ ನಂತರ ಮನೆತನಕ್ಕೇ ಹಿರಿಯಳು. ನಾಮಿನೇಷನ್‌ಗೆ ಆಕೆ ಗಾಡಿ ಹತ್ತದೆ ನಮ್ಮ ನೆಂಟರಲ್ಲಿ ಒಬ್ಬರೂ ಹತ್ತುವುದಿಲ್ಲ. ದೊಡ್ಡಣ್ಣ ಹೋದಾಗ ಇವನು ಗಡಿಯಲ್ಲಿದ್ದ. ಕಾರ್ಯವೆಲ್ಲ ಮುಗಿದ ಮೇಲೆ ಬಂದು, ಫೋಟೋ ಮುಂದೆ ನಿಂತು, ಅವತ್ತೇ ಹೊರಟುಹೋಗಿದ್ದ. ಆಮೇಲೆ ಅತ್ತಿಗೆ ಇವನ ಸುದ್ದಿಯನ್ನೇ ಎತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಊರು ಕರೆಯೋಕೆ ಹೋಗಣ. ಬಾಯಿ ಮುಚ್ಕೊಂಡು ನಾನು ಹೇಳ್ದಂಗೆ ಮಾಡು" ಅಂದೆ. ಜನರಲ್ ಸಾಹೇಬರು "ಸರಿ ಕಣಮ್ಮ" ಅಂದರು. ಕುಂಕುಮದ ಬಟ್ಟಲು ನನ್ನ ಕೈಯಲ್ಲಿ, ಎಲೆ ಅಡಿಕೆಯ ತಟ್ಟೆ ಅವನ ಕೈಯಲ್ಲಿ. "ಯಾವ ಮನೆಗೆ ಹೋದ್ರೂ ಹಿರಿಯ ಹೆಂಗಸಿಗೇ ಮೊದಲು ಕುಂಕುಮ. ಆಮೇಲೆ ನೀನು ಕೈ ಮುಗಿದು ಕರಿ" ಅಂತ ಪಾಠ ಹೇಳಿದೆ. ಒಂದೊಂದು ಮನೆಯಲ್ಲೂ ಬಿಗಿದ ಮುಖಗಳು ಸಡಿಲವಾದವು. "ಅಂತೂ ದಾರಿ ಮರೆತಿಲ್ಲ ಕಣೋ" ಅಂತ ಅವನ ಜೊತೆ ಓದಿದವರು ಬೆನ್ನಿಗೆ ಗುದ್ದಿದರು. ಬೀದಿ ಅರ್ಧ ಮುಗಿಯುವಷ್ಟರಲ್ಲಿ ಹಿಂದೆ ದೊಡ್ಡ ಗುಂಪೇ ಕೂಡಿತ್ತು.

ಅತ್ತಿಗೆ ಜಗಲಿಯ ಮೇಲೆ ಕೂತಿದ್ದರು.

"ವೋಟು ಕೇಳೋಕೆ ಬಂದ್ಯಾ?" ಅಂದರು.

"ಕರೆಯೋಕೆ ಬಂದೆ ಅತ್ತಿಗೆ."

"ಅವರು ಹೋದಾಗ ಬಂದಿದ್ದೆ. ಫೋಟೋಗೆ ಸೆಲ್ಯೂಟ್ ಹೊಡ್ದೆ. ನನ್ನ ಕಡೆ ತಿರುಗಿ ನೋಡ್ಲಿಲ್ಲ ಕಣಪ್ಪ ನೀನು."

ಅಣ್ಣ ತಲೆ ತಗ್ಗಿಸಿದ. "ನಿಮ್ಮ ಮುಖ ನೋಡೋ ಧೈರ್ಯ ಬರ್ಲಿಲ್ಲ ಅತ್ತಿಗೆ" ಅಂದ. ಗಡಿ ಕಾದವನ ಮಾತು ಅದು, ಊರವರೆಲ್ಲರ ಎದುರು!

ನಾನು ಬಾಗಿಲಲ್ಲಿ ನಿಂತಿದ್ದ ಅವರ ಸೊಸೆಗೆ ಕುಂಕುಮ ಕೊಟ್ಟು ಹಿಂದೆ ಸರಿದೆ. ಗಂಡ ತೀರಿದವರಿಗೆ ನಮ್ಮಲ್ಲಿ ಬಾಯಲ್ಲಿ ಹೇಳಿ ಬರುತ್ತೇವೆ, ಬಟ್ಟಲು ನೀಡುವುದಿಲ್ಲ. ಆ ಬೀದಿಯಲ್ಲಿ ಅಂಥ ಮನೆಗಳಲ್ಲೆಲ್ಲ ಹಾಗೇ ಮಾಡಿಕೊಂಡು ಬಂದಿದ್ದೆ. ಅಣ್ಣ ಮಾತಿನಲ್ಲಿ ಮುಳುಗಿದ್ದವನು ಗಮನಿಸಿರಲಿಲ್ಲ. ಈಗ ಗಮನಿಸಿದ.

"ಅತ್ತಿಗೆಗೆ ಕೊಡ್ಲಿಲ್ವಲ್ಲಮ್ಮ?"

ಅವನ ತೋಳು ಚಿವುಟಿದೆ. ಎಲ್ಲಿ ಅರ್ಥವಾಗಬೇಕು! ನಾನು ಮರೆತೆನೆಂದೇ ತಿಳಿದು, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಯ ಮುಂದೆ ಬಗ್ಗಿ ನಿಂತ. ಹಿಂದೆ ಯಾರೋ "ಅಯ್ಯೋ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತಿಗೆ ಬಟ್ಟಲು ನೋಡಿದರು, ಅವನ ಮುಖ ನೋಡಿದರು. "ಇದನ್ಯಾರು ಹೇಳಿಕೊಟ್ರು ನಿನಗೆ?"

"ಇವಳೇ. ಹಿರಿಯ ಹೆಂಗಸಿಗೇ ಮೊದಲು ಅಂದ್ಳು."

ಅತ್ತಿಗೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರಿಗೆ ನಗು ಬಂತು, ಕಣ್ಣು ತುಂಬಿದ್ದ ನಗು. ಉಂಗುರದ ಬೆರಳನ್ನು ಬಟ್ಟಲಲ್ಲಿ ಅದ್ದಿ ಹಣೆಗೆ ಒತ್ತಿಕೊಂಡರು. ಒಂದಿಷ್ಟು ಮೂಗಿನ ಮೇಲೂ ಉದುರಿತು. ಒರೆಸಿಕೊಳ್ಳಲಿಲ್ಲ.

"ವೋಟು ಯಾರಿಗೆ ಹಾಕ್ತೀನೋ ಅದು ನನ್ನಿಷ್ಟ. ಕರೆದಿದ್ದೀಯ, ಬರ್ತೀನಿ" ಅಂದರು. ನಾನು ಅಷ್ಟು ಜನರ ಎದುರಲ್ಲೇ ಚಿಕ್ಕ ಹುಡುಗಿಯ ಹಾಗೆ ಅವರನ್ನು ಅಪ್ಪಿಕೊಂಡುಬಿಟ್ಟೆ.

ನಾಮಪತ್ರದ ಬೆಳಿಗ್ಗೆ ತಮಟೆ ಸದ್ದಿಗೆ ಊರು ಕಿತ್ತುಹೋಗುತ್ತಿತ್ತು. ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು, ಹೂವಿನ ಹಾರ ಎಲ್ಲಿ ಅಂತ ನಾನು ಎಲ್ಲರ ಮೇಲೂ ರೇಗಾಡುತ್ತಿದ್ದೆ. ಅತ್ತಿಗೆ ಮಾತ್ರ ಕಾಣಲಿಲ್ಲ. ಹೊರಡುವ ಹೊತ್ತಾದರೂ ಸುಳಿವಿಲ್ಲ. ಮನಸ್ಸು ಬದಲಾಯಿಸಿಬಿಟ್ಟರೇ ಅಂತ ಗಾಬರಿಯಾಗಿ ಅವರ ಬೀದಿಗೆ ಓಡಿದೆ.

ಅತ್ತಿಗೆ ತಮ್ಮ ಮನೆಯ ಕುಂಕುಮದ ಬಟ್ಟಲು ಹಿಡಿದು ಬೀದಿಯ ಕೊನೆಯ ಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ, ನಾನು ಬಾಯಲ್ಲಿ ಹೇಳಿ ಮುಂದೆ ಹೋಗಿದ್ದ ಮನೆಗಳ ಹೆಂಗಸರೆಲ್ಲ ಇದ್ದರು, ಒಗೆದಿಟ್ಟ ಸೀರೆಯುಟ್ಟು, ಹಣೆಯಲ್ಲಿ ಕುಂಕುಮ ಇಟ್ಟುಕೊಂಡು. ಒಳಗಿದ್ದ ಮುದುಕಿಗೆ ಅತ್ತಿಗೆ ಜೋರಾಗಿ ಹೇಳುತ್ತಿದ್ದರು, "ಬಾರೇ, ನಿನ್ನನ್ನೂ ಕರೆಯೋಕೆ ಬಂದಿದ್ದೀನಿ."