ಮುದುಕವ್ವನ ಮೊಮ್ಮಗಳು ದೋಣಿಯ ಮುಳ್ಳು ನಿಲ್ಲಿಸಿದ್ದು

ಕೃಷ್ಣೆಯ ದಂಡೆಯ ಮುದುಕವ್ವ ಹರಿಗೋಲು ಹಾಕುತ್ತಿದ್ದ ಹೆಂಗಸು. ಗಂಡಸರೆಲ್ಲ ಕೈಕಟ್ಟಿ ನಿಂತ ಮಹಾಪೂರದಲ್ಲಿ, ನೋವು ತಿನ್ನುತ್ತಿದ್ದ ಬಸುರಿಯೊಬ್ಬಳನ್ನು ಆಚೆ ದಡಕ್ಕೆ ಮುಟ್ಟಿಸಿ, ಏನೂ ಆಗದವಳಂತೆ ಸೀರೆ ಹಿಂಡಿಕೊಂಡು ಬಂದವಳು. ಅವಳ ಮಗ ಚನಬಸಪ್ಪ ಪಂಪ್‌ಸೆಟ್ಟಿನ ಮೋಟಾರು ಕಟ್ಟುವುದನ್ನು ತಾನಾಗಿ ಕಲಿತ. ಸುಟ್ಟ ಮೋಟಾರನ್ನು ಮೂಸಿಯೇ ಯಾವ ಸುರುಳಿ ಸತ್ತಿದೆ ಎಂದು ಹೇಳುತ್ತಿದ್ದ. ಆ ಚನಬಸಪ್ಪನ ಮಗಳು ಮಹಾನಂದಾ.

ಮಹಾನಂದಾ ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಟ್ರಾಕ್ಟರಿಗೆ ವೈರಿನ ಕಟ್ಟು ಕಟ್ಟಿದಳು. ಆಮೇಲೆ ಕೆಲಸ ಬಿಟ್ಟು, ಅಲ್ಲೇ ಹಿಂದಿನ ಗಲ್ಲಿಯಲ್ಲಿ ವೈರಿನ ರಿಪೇರಿಗೆಂದು ಒಂದು ಶಟರಿನ ಅಂಗಡಿ ಹಿಡಿದಳು. ಸೂಪರ್‌ವೈಸರ್ ಶ್ಯಾಮಣ್ಣ, ತಿಂಗಳ ಕೊನೆಯತನಕ ನಿನ್ನ ಸ್ಟೂಲು ಖಾಲಿ ಇಟ್ಟಿರುತ್ತೇನೆ ಎಂದು ನಕ್ಕಿದ್ದ. ಆ ಮಾತು ಉಗುರಿನ ಸಂದಿಯ ಸಿಬಿರಿನಂತೆ ಕೂತಿತ್ತು. ಇಪ್ಪತ್ತು ದಿನ ಒಬ್ಬ ಗಿರಾಕಿಯೂ ಇಲ್ಲ. ಇಪ್ಪತ್ತೊಂದನೆಯ ದಿನ ಬಂದದ್ದು ದೋಣಿಯ ಮೀಟರ್ ಹಲಗೆ.

ಸರ್ಜಾಪುರದ ಆಚೆಯ ಕೆರೆಯೊಂದರಲ್ಲಿ ಅಂತರಗಂಗೆಯ ಕಳೆ ಕತ್ತರಿಸುವ ಕಬ್ಬಿಣದ ದೋಣಿ ಅದು. ದಡದಲ್ಲಿ ಸುಮ್ಮನೆ ನಿಂತಿದ್ದಾಗ ಹೆಗ್ಗಣಗಳು ವೈರುಗಳನ್ನು ಕಡಿದು ಹಾಕಿದ್ದವು. ಎಂಜಿನ್ನಿನ ಬಿಸಿ, ಡೀಸೆಲ್ಲು, ನೀರಿನ ಆಳ ತೋರಿಸುವ ಮೀಟರುಗಳೆಲ್ಲ ಸತ್ತಿದ್ದವು. ದೋಣಿಯ ಎಂಜಿನಿಯರ್ ಶಿವಶಂಕರ್, ಶುಕ್ರವಾರ ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಹೊರದೇಶದಿಂದ ಹೊಸದು ತರಿಸುವುದೇ ಸರಿ ಎಂದ. ತಮ್ಮ ಟೆಕ್ನಿಷಿಯನ್ನನ್ನು ಜೊತೆಗೆ ಕೂರಿಸುತ್ತೇನೆ ಎಂದ. ಅವಳು ಬೇಡವೆಂದಳು.

ಕಡಿದ ವೈರು ಒಂದೊಂದನ್ನೂ ಹುಡುಕಿ ಬೆಸೆದಳು. ಪ್ಲಾಸ್ಟಿಕ್ ಪಟ್ಟಿ ಮುಟ್ಟದೆ, ಮೇಣದ ದಾರದಲ್ಲಿ, ಅಜ್ಜಿ ಹರಿಗೋಲಿನ ಬಿದಿರಿಗೆ ಹಾಕುತ್ತಿದ್ದ ಗಂಟನ್ನೇ ಗೇಣಿಗೊಂದರಂತೆ ಹಾಕಿದಳು. ಅಂಗಡಿಯ ಮೇಜಿನ ಮೇಲೆ ಬ್ಯಾಟರಿ ಕೊಟ್ಟು ನೋಡಿದಾಗ ಎಲ್ಲವೂ ನೆಟ್ಟಗೆ ನಡೆಯಿತು.

ಶುಕ್ರವಾರ ಬೆಳಿಗ್ಗೆ ಹಲಗೆಯನ್ನು ದೋಣಿಗೆ ಕೂರಿಸಿ ನೀರಿಗಿಳಿದರು. ನಡೆಸುವವನು ಆ ಕೆರೆಯೂರಿನವನೇ ಆದ ನರಸಪ್ಪ. ಕತ್ತರಿ ಓಡಿಸಿದ್ದೇ ತಡ, ಬಿಸಿಯ ಮುಳ್ಳು ಕೆಂಪಿಗೆ ಹಾರಿತು, ಆಳದ ಮೀಟರು ಕಣ್ಣು ಮುಚ್ಚಿತು. ನರಸಪ್ಪ ಎಂಜಿನ್ ಆರಿಸಿದ.

"ನಿನ್ ಮುಳ್ಳು ಕುಣೀತಾ ಐತೆ ಕಣಕ್ಕ," ಎಂದ. "ತಮಟೆ ಒಂದ್ ಕಮ್ಮಿ."

ದಡದಲ್ಲಿ ಶಿವಶಂಕರ್ ಹೊಸದಕ್ಕೆ ಹೇಳಲು ಫೋನು ತೆಗೆದ. ಮಹಾನಂದಾಳ ಕಣ್ಣಿಗೆ ಶ್ಯಾಮಣ್ಣನ ಖಾಲಿ ಸ್ಟೂಲು ಕಟ್ಟಿತು. ಆದರೂ ಎದೆಗೆಡದೆ ಎಂಜಿನ್ನಿನ ನೀರಿನ ಪೈಪನ್ನು ಹಿಡಿದು ನೋಡಿದಳು. ಉಗುರುಬೆಚ್ಚಗಿತ್ತು, ಅಷ್ಟೇ. ಹಾಗಾದರೆ ಸುಳ್ಳು ಹೇಳುತ್ತಿರುವುದು ಮುಳ್ಳು.

ಹಲಗೆಯ ಹಿಂದೆ ಕೈ ಹಾಕಿದಾಗ ತಪ್ಪು ಸಿಕ್ಕಿತು. ಅದು ಹೆಗ್ಗಣದ್ದಲ್ಲ, ತನ್ನದೇ. ಟ್ರಾಕ್ಟರಿನಲ್ಲಿ ಕರೆಂಟು ಗಾಡಿಯ ಮೈಕಬ್ಬಿಣದ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಒಂಬತ್ತು ವರ್ಷ ಪಳಗಿದ ಕೈ ಇಲ್ಲಿಯೂ ಮರಳುವ ಐದು ವೈರನ್ನು ಒಟ್ಟು ಮಾಡಿ ದೋಣಿಯ ಮೈಗೆ ಬೋಲ್ಟು ಹೊಡೆದಿತ್ತು. ಕತ್ತರಿಯ ಸ್ವಿಚ್ಚಿನದೂ ಅಲ್ಲಿಗೇ. ಒದ್ದೆ ತುಕ್ಕಿನ ಒಂದೇ ಬೋಲ್ಟಿನಲ್ಲಿ ಎಲ್ಲವೂ ನೂಕಾಡಿ, ಕತ್ತರಿಯ ಕರೆಂಟು ಮುಳ್ಳುಗಳನ್ನು ದಾರಿ ತಪ್ಪಿಸುತ್ತಿತ್ತು. ಮುದುಕವ್ವನ ಹರಿಗೋಲಿನಲ್ಲಿ ಒಂದು ಮೊಳೆಯೂ ಇರಲಿಲ್ಲ. ಒಂದೊಂದು ಬಿದಿರಿಗೂ ಅದರದೇ ಕಟ್ಟು.

ಬೋಲ್ಟು ಬಿಚ್ಚಿ ಎಸೆದಳು. ಒಂದು ತಾಮ್ರದ ಪಟ್ಟಿ ಕೂರಿಸಿ, ಐದಕ್ಕೂ ಬೇರೆ ಬೇರೆ ಜಾಗ ಕೊಟ್ಟು, ಅಲ್ಲಿಂದ ದಪ್ಪ ವೈರೊಂದನ್ನು ನೇರ ಬ್ಯಾಟರಿಗೆ ಒಯ್ದಳು. ಮಧ್ಯಾಹ್ನಕ್ಕೆ ಕಾಲು ಗಂಟೆ ಇತ್ತು.

ನರಸಪ್ಪ ಕತ್ತರಿ ಹಾಕಿದ, ದೀಪ ಹಾಕಿದ, ಸಾಲದೆಂದು ಹಾರ್ನನ್ನೂ ಒತ್ತಿದ. ಮುಳ್ಳುಗಳು ಕಂಬದಂತೆ ನಿಂತವು. ದೋಣಿ ಹಸಿರನ್ನು ಸೀಳಿಕೊಂಡು ಕೆರೆಯ ನಡುವಿಗೆ ಹೋಗಿ ತಿರುಗಿತು. ಹಿಂದೆ ಬಯಲಾದ ನೀರು ಬಿಸಿಲಿಗೆ ಹೊಳೆಯಿತು. ಶ್ಯಾಮಣ್ಣ ಆ ಸ್ಟೂಲಿನ ಮೇಲೆ ಇನ್ನು ಯಾರನ್ನಾದರೂ ಕೂರಿಸಿಕೊಳ್ಳಲಿ.

ದೋಣಿ ದಡಕ್ಕೆ ತಾಗಿತು. ಇನ್ನೆರಡು ದೋಣಿಗಳನ್ನೂ ನಿಮಗೇ ಕಳಿಸುತ್ತೇನೆ ಎನ್ನುತ್ತಾ ಶಿವಶಂಕರ್, ಅವಳನ್ನು ಇಳಿಸಿಕೊಳ್ಳಲು ಎರಡೂ ಕೈ ಚಾಚಿದ.

"ಕೈ ಹಿಂದಕ್ಕ ತಗೋರಿ ಸರ," ಎಂದಳು ಮಹಾನಂದಾ. "ನಮ್ಮ ಮನ್ಯಾಗ ನೀರಿನಿಂದ ದಂಡಿಗೆ ಇಳಿಯಾಕ ಯಾರೂ ಯಾರ ಕೈನೂ ಹಿಡದಿಲ್ರಿ."